ಹೊಳೆ ಮೀನಿಗೆ ಸೌಟು

ಗಾದ್ರಪ್ಪ ಹಲ್ಲುಜ್ಜುತ್ತಿದ್ದಾಗ ಕರೆಂಟು ಹೋಯಿತು. ನ್ಯಾಮತಿಯ ಆ ಬೀದಿಯಲ್ಲಿ ಬೇರೆ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಟೈಲರ್ ಗಾದ್ರಪ್ಪ ಮಾತ್ರ ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಪಡಸಾಲೆಗೆ ಓಡಿದ. ಅಲ್ಲಿದ್ದ ಗಾಜಿನ ತೊಟ್ಟಿಯಲ್ಲಿ ನೀರು ಹರಿಸುವ ಮೋಟರು ನಿಂತುಬಿಟ್ಟಿತ್ತು.

ತೊಟ್ಟಿಯಲ್ಲಿದ್ದದ್ದು ಬೆರಳುದ್ದದ ಒಂದೇ ಒಂದು ಹೊಳೆ ಮೀನು. ನೋಡಲು ಚೆಂದವೇನಿಲ್ಲ. ಕಲ್ಲಿನ ಬಣ್ಣ, ಚಪ್ಪಟೆ ಹೊಟ್ಟೆ, ಗಲ್ಲದಡಿಗೆ ಗುಂಡನೆಯ ಅಂಟುಬಿಲ್ಲೆ. ಅವನ ಹೆಂಡತಿ ದುರ್ಗಾಂಬಿಕಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದಳು. ಹರಿಯುವ ನೀರಿನಲ್ಲಿ ಜೀವಿಗಳು ಹೇಗೆ ಬದುಕುತ್ತವೆ ಎಂಬ ಪಾಠಕ್ಕೆಂದು, ಹೊನ್ನಾಳಿಯ ತವರಿಗೆ ಹೋದಾಗ ತುಂಗಭದ್ರೆಯ ಕಲ್ಲಿನ ಸಂದಿಯಿಂದ ಅದನ್ನು ಹಿಡಿದು ತಂದಿದ್ದಳು.

"ನೋಡ್ರೀ, ಎಂಥ ಸೆಳವು ಬಂದ್ರೂ ಇದು ಕೊಚ್ಚಿ ಹೋಗಲ್ಲ. ರೆಕ್ಕೆ ಅಗಲ ಮಾಡಿ, ಹೊಟ್ಟೆ ಕಲ್ಲಿಗೊತ್ತಿ, ಬಿಲ್ಲೆ ಅಂಟಿಸಿ ಕುಂತ್ಕಂತೈತೆ. ಆದ್ರೆ ನೀರು ನಿಂತ್ರೆ ಮುಗೀತು. ಹರಿಯೋ ನೀರಾಗೆ ಗಾಳಿ ಜಾಸ್ತಿ, ಇದ್ರ ಮೈ ಅದಕ್ಕೇ ಒಗ್ಗೈತೆ," ಎಂದು ಗಂಡನಿಗೂ ಪಾಠ ಹೇಳಿದ್ದಳು. ಜಗಳೂರು ಕಡೆಯ ಬಯಲಲ್ಲಿ ಹುಟ್ಟಿ, ಕೊಡದಲ್ಲಿ ತುಳುಕುವ ನೀರನ್ನಷ್ಟೇ ಕಂಡು ಬೆಳೆದ ಗಾದ್ರಪ್ಪ "ಹೌದಾ" ಎಂದಿದ್ದ. ಪಾಠ ಮುಗಿದ ಮೇಲೆ ಭಾನುವಾರ ಹೊಳೆಗೆ ವಾಪಸ್ ಬಿಟ್ಟು ಬರೋಣ ಎಂದಿದ್ದಳು. ಶುಕ್ರವಾರ ಜ್ವರ ಬಂತು. ಭಾನುವಾರ ಆಸ್ಪತ್ರೆಯಲ್ಲಿದ್ದಳು. ಅದರ ಮುಂದಿನ ಭಾನುವಾರಕ್ಕೆ ಅವಳೇ ಇರಲಿಲ್ಲ. ಮೀನು ಮಾತ್ರ ಉಳಿಯಿತು. ಬಿಟ್ಟು ಬರಲು ಗಾದ್ರಪ್ಪನಿಗೆ ಮನಸ್ಸಾಗಲಿಲ್ಲ.

ಈಗ ಅವನು ಅಡುಗೆಮನೆಯಿಂದ ಸೌಟು ತಂದು ತೊಟ್ಟಿಯ ನೀರನ್ನು ತಿರುವತೊಡಗಿದ.

ಪಕ್ಕದ ಮನೆಯ ಕಲ್ಲಮ್ಮ ಕಿಟಕಿಯಿಂದ ಇಣುಕಿದಳು. "ಗಾದ್ರಪ್ಪಣ್ಣ, ಬೆಳಬೆಳಿಗ್ಗೆ ಮೀನಿನ ಸಾರು ಮಾಡಾಕೆ ಕುಂತ್ರಾ? ಅದೂ ಪಡಸಾಲೇಲಿ?"

"ಇಲ್ಲಕ್ಕ, ಇದಕ್ಕೆ ಉಸಿರು ಕಟ್ತೈತೆ."

ಕಲ್ಲಮ್ಮನ ಗಂಡ ಓಂಕಾರಪ್ಪನದು ಹಿಟ್ಟಿನ ಗಿರಣಿ. ಕರೆಂಟಿಲ್ಲದೆ ಗಿರಣಿಯೂ ನಿಂತಿದ್ದರಿಂದ ಅವನ ತಲೆ ಪೂರ್ತಿ ಖಾಲಿಯಿತ್ತು. ಮೈಗಂಟಿದ ಹಿಟ್ಟಿನ ಸಮೇತ, ಹಳೇ ಗೋಡೆಗೆ ಹೊಸದಾಗಿ ಸುಣ್ಣ ಬಳಿದಂತೆ ಬಂದು ನಿಂತ. "ಲೈನ್ ಕೆಲಸ ಐತಂತೆ, ಸಂಜೆ ತನಕ ಬರಲ್ಲ. ಸೌಟಿನಾಗೆ ಎಷ್ಟೊತ್ತು ತಿರುವ್ತೀಯಾ? ಗಾಳಿ ತಾನೆ ಬೇಕು? ತಡಿ!"

ಸೈಕಲ್ ಪಂಪು ಬಂತು. ಓಂಕಾರಪ್ಪ ಕೊಳವೆಯನ್ನು ನೀರಿಗಿಳಿಸಿ, ಗಿರಣಿಗೆ ಬಂದ ಗಿರಾಕಿಯ ಮೇಲಿನ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವವನಂತೆ ಒತ್ತಿದ. ಕೊಳವೆ ಹಾವಿನಂತೆ ಹೆಡೆಯೆತ್ತಿ ಹೊರಗೆ ಚಿಮ್ಮಿತು. ನೀರು ಹೊಲಿಗೆಗೆ ಬಂದ ಬಟ್ಟೆಗಳ ಮೇಲೆ, ಗೋಡೆಯ ಮೇಲೆ, ಹಾರ ಹಾಕಿದ್ದ ದುರ್ಗಾಂಬಿಕಾಳ ಫೋಟೋದ ಮೇಲೆ ರಾಚಿತು.

ಫೋಟೋದಲ್ಲಿ ಅವಳ ಕೆನ್ನೆಯ ಮೇಲೆ ಹನಿಗಳು ಇಳಿಯುತ್ತಿದ್ದವು. ಓಂಕಾರಪ್ಪ ಟವೆಲಿನಿಂದ ಒರೆಸಿದ. ಟವೆಲಿನ ಹಿಟ್ಟೆಲ್ಲ ಗಾಜಿಗೆ ಅಂಟಿ ಮುಖವೇ ಕಾಣದಂತಾಯಿತು. "ತಪ್ಪಾತಪ್ಪಾ," ಎಂದ, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತ್ತು. ಗಾದ್ರಪ್ಪ ಇನ್ನು ಯೋಚಿಸಲಿಲ್ಲ. ಮೀನನ್ನು ಬಕೆಟ್ಟಿಗೆ ಹಾಕಿ, ಬೀಗದ ಕೈ ಕಲ್ಲಮ್ಮನಿಗೆ ಕೊಟ್ಟು, ಸೌಟು ಹಿಡಿದು ಹೊನ್ನಾಳಿಯ ಬಸ್ಸು ಹತ್ತಿದ.

"ಏನ್ರೀ ಅದು, ಪಾಯಸನಾ?" ಎಂದ ಕಂಡಕ್ಟರು.

"ಮೀನು."

"ತಿರುವೋದ್ಯಾಕೆ?"

"ಬದುಕ್ಲಿ ಅಂತ."

ಕಂಡಕ್ಟರು ಟಿಕೆಟ್ ಹರಿದುಕೊಟ್ಟು ಬೇಗ ಮುಂದೆ ಹೋದ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನೆತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ರಸ್ತೆಯ ಗುಂಡಿಗಳಿಗೆ ಬಸ್ಸಿನವರೆಲ್ಲ ಶಾಪ ಹಾಕುತ್ತಿದ್ದರೆ, ನೀರು ಚೆನ್ನಾಗಿ ಕುಲುಕುತ್ತಿದೆಯಲ್ಲ ಎಂದು ಗಾದ್ರಪ್ಪನೊಬ್ಬ ಕೈ ಮುಗಿಯುತ್ತಿದ್ದ. ಮುಂದೆ ಹೊಸ ಡಾಂಬರು ಬಂತು. ಬಸ್ಸು ಬೆಣ್ಣೆಯ ಮೇಲಿನಂತೆ ಜಾರಿತು. "ಅಯ್ಯೋ, ಯಾರಪ್ಪ ಈ ರಸ್ತೆ ಮಾಡಿದ್ದು!" ಎಂದು ಅವನು ಗೋಳಾಡಿದ್ದನ್ನು ಕೇಳಿ ಡ್ರೈವರು ಕನ್ನಡಿಯಲ್ಲಿ ತಿರುತಿರುಗಿ ನೋಡಿದ.

ಹೊಳೆಯಲ್ಲಿ ನೀರು ಕಲ್ಲುಗಳ ನಡುವೆ ನೊರೆಯೆದ್ದು ಹರಿಯುತ್ತಿತ್ತು. ಪಾಚಿಯ ಮೇಲೆ ಕಾಲಿಟ್ಟ ಗಾದ್ರಪ್ಪ ಜಾರಿ ಕುಂಡೆಯ ಮೇಲೆ ಬಿದ್ದ. ಸೌಟು ಕೊಚ್ಚಿ ಹೋಯಿತು. ಬಕೆಟ್ಟನ್ನು ಮಾತ್ರ ತಲೆಯ ಮೇಲೆತ್ತಿ ಹಿಡಿದಿದ್ದ. ಮೆಲ್ಲಗೆ ಮೀನನ್ನು ಅಂಗೈಗೆ ತೆಗೆದುಕೊಂಡ. ಅದು ಬಿಲ್ಲೆಯೂರಿ ಅಂಗೈಯನ್ನೇ ಹಿಡಿದುಕೊಂಡಿತು. ನೀರಿಗಿಳಿಸಿದರೂ ಬಿಡಲಿಲ್ಲ.

"ಬಿಡು," ಎಂದ ಗಾದ್ರಪ್ಪ. "ಅವಳು ಹೇಳಿದ್ಲು, ಬಿಡ್ಬೇಕು ಅಂತ."

ಸೆಳವು ಬಂದು ಮುಂಗೈಗೆ ಬಡಿಯಿತು. ಮೀನು ಸರ್ರನೆ ಎದುರು ನೀರಿಗೆ ತಿರುಗಿ, ಕೆಳಗಿನ ಕಲ್ಲಿಗೆ ಹೊಟ್ಟೆಯೊತ್ತಿ ಕುಳಿತಿತು. ಕಣ್ಣು ಮಿಟುಕಿಸಿ ಮತ್ತೆ ನೋಡಿದರೆ ಯಾವುದು ಕಲ್ಲು, ಯಾವುದು ಮೀನು ಎಂದು ತಿಳಿಯಲಿಲ್ಲ. ಗಾದ್ರಪ್ಪ ನೀರಲ್ಲೇ ಕೂತು ಅತ್ತ. ಹೆಂಡತಿ ಮಣ್ಣಾದ ದಿನವೂ ಹಾಗೆ ಅತ್ತಿರಲಿಲ್ಲ.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಕೂಗಿ ಕೇಳಿದಳು: "ಏಟು ಬಿತ್ತೇನಪ್ಪಾ?"

"ಹೂಂನಮ್ಮಾ," ಎಂದ.

ಹೊತ್ತು ಮುಳುಗುವಾಗ ಮನೆಗೆ ಬಂದರೆ ಬಾಗಿಲು ಹಾರು ಹೊಡೆದಿತ್ತು. ಒಳಗೆ ಮೋಟರು ಭರ್ರನೆ ಓಡುತ್ತಿತ್ತು. ಕರೆಂಟು ಇನ್ನೂ ಬಂದಿರಲಿಲ್ಲ; ಬೆಳಿಗ್ಗೆ ಹೊಳೆಯದ ಉಪಾಯ ಈಗ ಹೊಳೆದು ಓಂಕಾರಪ್ಪ ತನ್ನ ಮನೆಯ ಇನ್ವರ್ಟರಿನಿಂದ ಕಿಟಕಿಯ ಮೂಲಕ ವೈರು ಎಳೆದಿದ್ದ. ತೊಟ್ಟಿಯ ಮುಂದೆ ಅರ್ಧ ಬೀದಿಯೇ ನೆರೆದಿತ್ತು.

"ಮೀನು ಸತ್ತೋತು, ಹೊಳೆಗೆ ಹಾಕಾಕೆ ಹೋದ್ರಿ ಅಂದ್ಕಂಡ್ವಿ," ಎಂದಳು ಕಲ್ಲಮ್ಮ, ಕಣ್ಣೊರೆಸಿಕೊಳ್ಳುತ್ತ. "ಮನೆ ಬಿಕೋ ಅನ್ನಬಾರ್ದು ಅಂತ ಇವ್ರು ಶಿವಮೊಗ್ಗಕ್ಕೆ ಹೋಗಿ ತಂದ್ರು. ಅಂಗಡೀಲಿ ಇದ್ದಿದ್ರಾಗೇ ಚೆಂದಂದು!"

ತೊಟ್ಟಿಯಲ್ಲಿ ಬಂಗಾರದ ಬಣ್ಣದ, ಲಿಂಬೆಹಣ್ಣಿನಂಥ ಹೊಟ್ಟೆಯ, ರೇಷ್ಮೆ ಸೆರಗಿನಂಥ ಬಾಲದ ಮೀನೊಂದಿತ್ತು. ಹಿಡಿದುಕೊಳ್ಳಲು ಅದಕ್ಕೆ ಬಿಲ್ಲೆಯಿರಲಿಲ್ಲ, ಒತ್ತಿ ಕೂರಲು ಚಪ್ಪಟೆ ಹೊಟ್ಟೆಯಿರಲಿಲ್ಲ. ನಿಂತ ನೀರಿನಲ್ಲಿ ಆರಾಮಾಗಿ ತೇಲಬೇಕಾದ ಜೀವ. ಮೋಟರಿನ ಸೆಳವು ಅದನ್ನು ಗಿರಗಿರನೆ ತಿರುಗಿಸಿ ಗಾಜಿಗೆ ಅಪ್ಪಳಿಸುತ್ತಿತ್ತು.

"ಹೆಂಗೆ ಕುಣೀತೈತೆ ನೋಡು!" ಎಂದ ಓಂಕಾರಪ್ಪ.

"ಅಣ್ಣಾ, ಮೋಟರು ಆರಿಸ್ರಿ! ಇದಕ್ಕೆ ಹರಿಯೋ ನೀರಾಗಲ್ಲ!"

"ಏ, ಸಂಕೋಚ ಮಾಡ್ಕಬೇಡ. ಬ್ಯಾಟರಿ ಭರ್ತಿ ಐತೆ. ಬೆಳಗಾಗೋ ತನಕ ಓಡ್ಲಿ!"

ಮೀನು ಮತ್ತೊಮ್ಮೆ ಗಾಜಿಗೆ ಬಡಿಯಿತು. ಗಾದ್ರಪ್ಪ ಒದ್ದೆ ಅಂಗಿಯ ತೋಳು ಕೂಡ ಮಡಚದೆ ಎರಡೂ ಕೈಗಳನ್ನು ತೊಟ್ಟಿಗೆ ಇಳಿಸಿ, ಸೆಳವಿಗೆ ಅಡ್ಡವಾಗಿ ಬೊಗಸೆ ಹಿಡಿದ. ಮೀನು ಬೊಗಸೆಯೊಳಗೆ ಬಂದು, ಸೆರಗು ಮುದುಡಿಕೊಂಡು, ಬೆರಳುಗಳಿಗೆ ಒರಗಿ ನಿಂತಿತು. ಇನ್ನು ಕೈ ತೆಗೆಯುವಂತಿರಲಿಲ್ಲ.

ಕಲ್ಲಮ್ಮ ಬಾಗಿಲಲ್ಲಿದ್ದವರ ಕಡೆ ತಿರುಗಿ ಪಿಸುಗುಟ್ಟಿದಳು: "ನೋಡ್ರವ್ವಾ, ಬಂದ ತಕ್ಷಣ ಹೆಂಗೆ ಹಚ್ಕಂಡ್ರು!"