ಬೋರರ್ ಹುಳ, ಗೌರಕ್ಕ ಮತ್ತು ನನ್ನ ಉಪನ್ಯಾಸ

ವಿಜ್ಞಾನವನ್ನು ಎಲ್ಲರಿಗೂ ತಿಳಿಯುವಂತೆ ಹೇಳುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಂಬಿದ್ದೆ. ನಮ್ಮೂರು ಇಡೀ ಹಾನುಬಾಳಿನಲ್ಲಿ ಹಾಗೆ ನಂಬಿದ್ದವನು ನಾನೊಬ್ಬನೇ!

ಪಕ್ಕದ ಮನೆಯಲ್ಲೇ ಇರುವ ನನ್ನ ಅಕ್ಕ ಗೌರಕ್ಕನ ಕತ್ತಿನಲ್ಲಿ ಚಿಕ್ಕ ಗಂಟು ಕಾಣಿಸಿತ್ತು. ಸೂಜಿ ಹಾಕಿ ಪರೀಕ್ಷಿಸಬೇಕು ಎಂದರು ಹಾಸನದ ಡಾಕ್ಟರಮ್ಮ. ಜೊತೆಗೆ ಸಂಶೋಧನೆಗೆಂದು ಸ್ವಲ್ಪ ರಕ್ತವನ್ನೂ ಕೇಳಿದರು. ಅಕ್ಕ ಎರಡಕ್ಕೂ ಒಲ್ಲೆ ಎಂದು ಬಸ್ಸು ಹತ್ತಿಬಿಟ್ಟಳು. ತಡವಾದರೆ ಎಲ್ಲಿ ಅವಳನ್ನು ಕಳೆದುಕೊಳ್ಳುತ್ತೇವೋ ಎಂಬ ಭಯಕ್ಕೆ ನಮಗೆ ಊಟ ಸೇರದಾಯಿತು.

"ನೀವು ಸುಮ್ನಿರಿ, ನಾನು ಮಾತಾಡ್ತೀನಿ" ಎಂದಳು ನನ್ನ ಹೆಂಡತಿ ಸುಮಿತ್ರಾ. ನಾನು ಸುಮ್ಮನಿರುವವನೇ?

ಸಂಶೋಧನೆಗೆ ರಕ್ತ ಯಾಕೆಂದು ಡಾಕ್ಟರಮ್ಮ ವಿವರಿಸಿದ್ದು ನನಗೆ ಬಾಯಿಪಾಠವಾಗಿತ್ತು. ನಮ್ಮ ಜೀವಕೋಶಗಳಲ್ಲಿ ಆರ್‌ಎನ್‌ಎ ಎಂಬ ಎಳೆಗಳಿರುತ್ತವೆ. ಹೆಚ್ಚಿನವು ದಾರದ ತುಂಡಿನಂತೆ, ತುದಿಯಿಂದ ಸವೆದುಹೋಗುತ್ತವೆ. ಕೆಲವು ಬಳೆಯಂತೆ ದುಂಡಗಿರುತ್ತವೆ. ತುದಿಯೇ ಇಲ್ಲದ್ದರಿಂದ ಹೆಚ್ಚು ಕಾಲ ಬಾಳುತ್ತವೆ. ಕ್ಯಾನ್ಸರ್ ಬಂದಾಗ ಇವುಗಳಲ್ಲಿ ಕೆಲವು ಹೆಚ್ಚುಕಮ್ಮಿಯಾಗುತ್ತವೆ. ರಕ್ತದಲ್ಲಿ ಅದನ್ನು ಗುರುತಿಸಲು ಕಲಿತರೆ ಮುಂದೊಂದು ದಿನ ರೋಗ ಬೇಗ ಪತ್ತೆಯಾದೀತು, ಔಷಧಿಗೂ ದಾರಿಯಾದೀತು ಎಂಬ ಆಸೆಯಿಂದ ಹುಡುಕುತ್ತಿದ್ದಾರಂತೆ.

ಇಷ್ಟೇ ಹೇಳಿ ನಿಲ್ಲಿಸಿದ್ದರೆ ಇವತ್ತು ನಾನೊಬ್ಬ ಗೌರವಸ್ಥ. ಆದರೆ ಉದಾಹರಣೆ ಬೇಡವೇ? ನಮ್ಮ ತೋಟದಲ್ಲಿ, ಕಾಂಡ ಕೊರೆದು ಪೊಳ್ಳು ಮಾಡುವ ಬೋರರ್ ಹುಳ ಹೊಕ್ಕ ಗಿಡಗಳನ್ನು ಹುಡುಕಿ ಸುಣ್ಣದ ಗುರುತು ಹಾಕುವ ಕೆಲಸ ನಡೆದಿತ್ತು. ಅಕ್ಕನನ್ನು ಅಂಥದೊಂದು ಕಾಫಿ ಗಿಡದ ಮುಂದೆ ನಿಲ್ಲಿಸಿದೆ.

"ನೋಡಕ್ಕ, ಕಾಂಡದ ಸುತ್ತ ಬಳೆ ಥರ ಉಬ್ಬೈತೆ. ಇದನ್ನ ನೋಡೇ ಒಳಗೆ ಹುಳ ಐತೆ ಅಂತ ಕಂಡುಹಿಡೀತೀವಲ್ಲ? ಡಾಕ್ಟ್ರೂ ರಕ್ತದಾಗೆ ಇಂಥ ಬಳೆನೇ ಹುಡುಕೋದು!"

ಅಕ್ಕ ಗಿಡವನ್ನು ನೋಡಿದಳು, ನನ್ನನ್ನು ನೋಡಿದಳು.

"ಬಳೆ ಸಿಕ್ಕಿದ್ ಮೇಲೆ ಗಿಡಾನ ಏನ್ ಮಾಡ್ತೀವೋ?"

"ಬುಡ ಸಮೇತ ಕಿತ್ತು ಸುಟ್..."

ಅಲ್ಲಿಗೆ ಉಪನ್ಯಾಸ ಮುಕ್ತಾಯ! ಅಕ್ಕ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುಮಿತ್ರಾ ಹಣೆ ಚಚ್ಚಿಕೊಂಡಳು. "ಧೈರ್ಯ ಹೇಳೋಕೋಗಿ ಚಿತೆ ತೋರ್ಸ್‌ಬುಟ್ರಲ್ರೀ!"

ಕೊನೆಗೆ ಅವಳೇ ಡಾಕ್ಟರಮ್ಮನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಅಕ್ಕನ ಕಿಟಕಿಗೆ ಹಿಡಿದಳು. ಗಂಟು ಸಣ್ಣದು, ಕ್ಯಾನ್ಸರೇ ಆಗಿದ್ದರೂ ಈಗಲೇ ಬಂದರೆ ವಾಸಿಯಾಗುವ ಭರವಸೆ ಚೆನ್ನಾಗಿದೆ ಎಂದರು ಅವರು. ಸಂಶೋಧನೆಗೆ ರಕ್ತ ಕೊಡುವುದು ಬಿಡುವುದು ಅಕ್ಕನ ಇಷ್ಟ. ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ರಕ್ತವೂ ಬೇಕು ಎಂದರು.

ಬಾಗಿಲು ತೆರೆಯಿತು.

"ಹಂಗಾರೆ ಇವನು ಮೊದ್ಲು ಕೊಡ್ಲಿ. ಆಮೇಲೆ ನಾನು. ಗಂಟಿಗೂ ಸೂಜಿ ಹಾಕಿಸ್ಕತೀನಿ."

ಹಾಸನದಲ್ಲಿ ನಾನು ವೀರನಂತೆ ತೋಳು ಚಾಚಿದೆ. ನರ್ಸಮ್ಮ ಹತ್ತಿಯಲ್ಲಿ ಒರೆಸಿದರು. ತಣ್ಣಗಾಯಿತು. ಆಮೇಲೆ ನನಗೆ ಕಂಡದ್ದು ಚಾವಣಿಯ ಫ್ಯಾನು!

ಅಕ್ಕ ಸೆರಗಿನಿಂದ ಗಾಳಿ ಬೀಸುತ್ತ ಬಿದ್ದು ಬಿದ್ದು ನಗುತ್ತಿದ್ದಳು. "ಏಳೋ ಮಾರಾಯ, ಸೂಜಿ ಇನ್ನೂ ಪೊಟ್ಟಣದಾಗೇ ಐತೆ!" ನಗುನಗುತ್ತಲೇ ನಾನು ಬಿಟ್ಟ ಕುರ್ಚಿಯಲ್ಲಿ ಕೂತು ತೋಳು ಕೊಟ್ಟಳು.

ಗಂಟು ಕ್ಯಾನ್ಸರೇ ಆಗಿತ್ತು. ಆದರೆ ಬೇಗ ಸಿಕ್ಕಿತ್ತು. ಆಪರೇಷನ್ ಆಯಿತು. ಅಕ್ಕ ಚೇತರಿಸಿಕೊಂಡಿದ್ದಾಳೆ, ಡಾಕ್ಟರಮ್ಮನೂ ನಿಶ್ಚಿಂತೆಯಿಂದಿದ್ದಾರೆ. ನಮ್ಮ ಸಂತೋಷ ಕೇಳಬೇಡಿ.

ಮೊನ್ನೆ ಮತ್ತೆ ಬೋರರ್ ಹುಡುಕುವ ಕೆಲಸ ಶುರುವಾಯಿತು. ಕತ್ತಿನ ಗಾಯದ ಮೇಲೆ ಸೆರಗು ಹೊದ್ದು ಅಕ್ಕನೂ ತೋಟಕ್ಕೆ ಬಂದಳು. ಗಿಡಗಳನ್ನು ತಡವುತ್ತ ಬಂದವಳು ನನ್ನ ಬೆನ್ನು ತಟ್ಟಿ ಸುಮಿತ್ರಾಳನ್ನು ಕೂಗಿದಳು.

"ಇದ್ಕೊಂದು ಗುರುತು ಹಾಕೇ! ಮ್ಯಾಲೆ ನೋಡೋಕೆ ಗಟ್ಟಿ, ಒಳಗೆಲ್ಲ ಪೊಳ್ಳು!"

ಸುಮಿತ್ರಾ ಸುಣ್ಣದ ಡಬ್ಬ ಹಿಡಿದು ಬಂದೇಬಿಟ್ಟಳು!