ಹೊಳೆಬದಿಯ ಕಾರಂಜಿಗೆ ನಾನು ಮಾಡಿದ ಉಪಕಾರ

ಬಂಟ್ವಾಳದ ಹೊಳೆಬದಿಯ ಪಾರ್ಕಿನಲ್ಲಿರುವ ಅಮೃತಶಿಲೆಯ ಕಾರಂಜಿಯನ್ನು ದುರಸ್ತಿ ಮಾಡಲು ಇಡೀ ತಾಲೂಕಿನಲ್ಲಿ ನನಗಿಂತ ಯೋಗ್ಯ ವ್ಯಕ್ತಿ ಇಲ್ಲವೆಂದು ನಂಬಿದವರು ಇಬ್ಬರು. ಒಬ್ಬರು ಪಾರ್ಕಿನ ಸಮಿತಿಯ ಅಧ್ಯಕ್ಷರಾದ ವಾಸಣ್ಣ. ಇನ್ನೊಬ್ಬ ನಾನು. ವಾಸಣ್ಣ ನಂಬಿದ್ದು ನನ್ನ ಮಾತು ಕೇಳಿ. ನಾನು ನಂಬಿದ್ದೂ ಅದನ್ನೇ ಕೇಳಿ.

ನಾನು ಇಪ್ಪತ್ತೆರಡು ವರ್ಷ ದುಬೈಯಲ್ಲಿದ್ದೆ. ಈಜುಕೊಳ, ಕಾರಂಜಿಗಳನ್ನು ನೋಡಿಕೊಳ್ಳುವ ಒಂದು ಕಂಪೆನಿಯಲ್ಲಿ ಕೆಲಸ. ಇಷ್ಟು ಸತ್ಯ. ನಾನಿದ್ದದ್ದು ಅದರ ಸ್ಟೋರಿನಲ್ಲಿ. ಕೆಲಸದವರು ಬಂದು ಕೇಳಿದರೆ ಬ್ರಶ್ಶು, ಪೈಪು, ಕೈಗವಸು ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಇದೂ ಸತ್ಯವೇ. ಆದರೆ ರಜೆಯಲ್ಲಿ ಊರಿಗೆ ಬಂದು, ಮದುವೆ ಮನೆಯಲ್ಲಿ ಬಿರಿಯಾನಿಗೆ ಕಾಯುತ್ತ ಕೂತಾಗ ಯಾರೂ ಅಷ್ಟು ವಿವರ ಕೇಳುವುದಿಲ್ಲ. "ಅಲ್ಲಿ ಏನು ಕೆಲಸ ಹಮೀದಾಕ?" ಎಂದರೆ "ಕಾರಂಜಿ" ಎನ್ನುತ್ತಿದ್ದೆ. ಮೊದಲ ವರ್ಷ ಇದೊಂದೇ ಶಬ್ದ. ಆಮೇಲೆ ಪ್ರತಿ ರಜೆಗೂ ಒಂದೆರಡು ಶಬ್ದ ಸೇರುತ್ತ ಹೋಯಿತು. ಕೊನೆಗೆ ಫರಂಗಿಪೇಟೆಯ ಒಂದು ಮದುವೆಯಲ್ಲಿ, ನಾನು ಬಟನ್ ಒತ್ತಿದರೆ ನೀರು ಎಷ್ಟು ಮಹಡಿ ಎತ್ತರ ಹಾರುತ್ತಿತ್ತು ಎಂದು ಕೈಯೆತ್ತಿ ತೋರಿಸುವಾಗ ಎದುರಿಗೆ ಕೂತಿದ್ದವರು ವಾಸಣ್ಣ.

ನಾನು ಕೆಲಸ ಬಿಟ್ಟು ಊರಲ್ಲೇ ನೆಲೆಸಿದ ಮರುವರ್ಷ, ಬೇಸಗೆಯ ಒಂದು ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು.

"ಹಮೀದಾಕ, ನಮ್ಮ ಪಾರ್ಕಿನ ಕಾರಂಜಿಯನ್ನು ನೀವು ಒಮ್ಮೆ ನೋಡ್ಬೇಕಲ್ಲ. ಮಳೆಗಾಲಕ್ಕೆ ಮೊದಲು ಪಾರ್ಕು ಉದ್ಘಾಟನೆ ಮಾಡುವ ಅಂತ ಉಂಟು. ಮಂಗಳೂರಿನಿಂದ ಜನ ಕರೆಸುವ ಅಂತ ಕೆಲವರು ಹೇಳಿದ್ರು. ನಾನು ಹೇಳಿದೆ, ದುಬೈಯನ್ನೇ ನೀರಲ್ಲಿ ಕುಣಿಸಿದ ಮನುಷ್ಯ ಊರಲ್ಲಿ ಇರುವಾಗ ಮಂಗಳೂರು ಎಂತಕ್ಕೆ ಅಂತ."

ಆಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬದಲಿಗೆ, "ಅದು ಎಂಥ ದೊಡ್ಡ ಕೆಲಸ ಮಾರಾಯ್ರೆ" ಎಂದೆ.

ವಾಸಣ್ಣ ಚಹಾ ಕುಡಿದು ಹೋದ ಮೇಲೆ ನನ್ನ ಹೆಂಡತಿ ಜೊಹರಾ ಖಾಲಿ ಲೋಟ ತೆಗೆಯುತ್ತ ಹೇಳಿದಳು: "ನಿಮ್ಮ ಕಂಪೆನಿ ಕಾರ್ಡಿನಲ್ಲಿ ಸ್ಟೋರ್‌ಕೀಪರ್ ಅಂತ ಉಂಟು. ನನಗೆ ಓದ್ಲಿಕ್ಕೆ ಬರ್ತದೆ."

"ಇಪ್ಪತ್ತೆರಡು ವರ್ಷ ನೋಡಿಯೂ ಮನುಷ್ಯ ಕಲಿಯುವುದಿಲ್ಲವಾ?"

"ನೀವು ನೋಡಿದ್ದು ಬ್ರಶ್ಶನ್ನು."

ಹೆಂಗಸರಿಗೆ ತಾಂತ್ರಿಕ ವಿಷಯ ಅರ್ಥವಾಗುವುದಿಲ್ಲ ಎಂದುಕೊಂಡು ನಾನು ಪೇಪರು ಬಿಡಿಸಿದೆ.

ಕಾರಂಜಿಯ ಬಗ್ಗೆ ಹೇಳಬೇಕು. ಕೆಳಗೆ ಎಂಟು ಮೂಲೆಯ ತೊಟ್ಟಿ, ನಡುವೆ ಒಂದರ ಮೇಲೊಂದು ಬಿಲ್ಲೆ ಪೇರಿಸಿದಂಥ ಕಂಬ, ಅದರ ತಲೆಯಲ್ಲಿ ಬಾಯಿ ತೆರೆದ ನಾಲ್ಕು ಮೀನು. ಎಲ್ಲ ಅಮೃತಶಿಲೆ. ಪಾರ್ಕಿನ ಎದುರು ಮನೆಯ ಸುಮತಿ ಬಾಯಿಯವರ ಅಜ್ಜ, ಹಿಂದಿನ ಕಾಲದ ವ್ಯಾಪಾರಿ, ಇದನ್ನು ಎಲ್ಲಿಂದಲೋ ತರಿಸಿ, ದೋಣಿಯಲ್ಲಿ ಹೊಳೆದಾರಿಯಾಗಿ ಸಾಗಿಸಿ ಇಲ್ಲಿ ಇಡಿಸಿದ್ದರಂತೆ. ನೀರು ನಿಂತು ಎಷ್ಟೋ ವರ್ಷವಾಗಿತ್ತು. ಹೊಳೆಗೆ ನೆರೆ ಬಂದಾಗಲೆಲ್ಲ ಅದು ಮುಳುಗಿ, ಎದ್ದು, ಮೈತುಂಬ ಕೆಸರು, ಪಾಚಿ ಹೊತ್ತು ಕಪ್ಪಾಗಿತ್ತು.

ನಾನು ಪರೀಕ್ಷೆಗೆ ಹೋದ ದಿನ ಸುಮತಿ ಬಾಯಿ ಗೇಟಿನ ತನಕ ಬಂದರು. ಎಂಬತ್ತು ದಾಟಿದ ಹೆಂಗಸು. "ನೀರು ಬರ್ತದಾ?" ಎಂದು ಕೇಳಿದರು. "ನಾನು ಸಣ್ಣವಳಿರುವಾಗ ನೋಡಿದ್ದು."

"ಬಾರದೆ ಎಲ್ಲಿಗೆ ಹೋಗ್ತದೆ ಅಮ್ಮ" ಎಂದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನನಗೆ ಸಮಯವಿರಲಿಲ್ಲ. ತಜ್ಞರಿಗೆ ಇರುವುದಿಲ್ಲ.

ಸಹಾಯಕ್ಕೆ ಬಾಬಣ್ಣ ಎಂಬ ಗಾರೆ ಕೆಲಸದವರನ್ನು ಕರೆದುಕೊಂಡೆ. ನನ್ನದೇ ವಯಸ್ಸು, ಮಾತು ಕಡಿಮೆ. ಅವರು ಕಾರಂಜಿಗೆ ಒಂದು ಸುತ್ತು ಬಂದು, "ಸೋಪಿನ ನೀರಲ್ಲಿ ತಿಕ್ಕುವನಾ?" ಎಂದರು.

"ಬಾಬಣ್ಣ, ನಾವು ದುಬೈಯಲ್ಲಿ ಸೋಪನ್ನು ಕೈಗೆ ಮಾತ್ರ ಹಾಕುವುದು" ಎಂದು ಹೇಳಿ, ಪೇಟೆಗೆ ಹೋಗಿ ಬಾತ್‌ರೂಮ್ ತೊಳೆಯುವ ಆಸಿಡ್ ಒಂದು ಕ್ಯಾನು ತಂದೆ. ಟೈಲ್ಸಿನ ಕಲೆ ಹೋಗುವುದಾದರೆ ಮಾರ್ಬಲ್ಲಿನದು ಹೋಗದೆ ಇರಲು ಕಾರಣವೇ ಇರಲಿಲ್ಲ. ಏಣಿ ಹತ್ತಿ ಮೊದಲನೆಯ ಮೀನಿನ ತಲೆಗೆ ಸುರಿದೆ. ಬುಸುಬುಸು ಎಂದು ಬಿಳಿ ನೊರೆ ಎದ್ದಿತು.

"ನೋಡಿದ್ರಾ, ಕೊಳೆ ಹೇಗೆ ಏಳ್ತಾ ಉಂಟು?"

ಬಾಬಣ್ಣ ನೋಡಿದರು. "ಕೊಳೆ ಕಪ್ಪಲ್ವಾ ಹಮೀದಾಕ? ಇದು ಬೆಳ್ಳಗೆ ಉಂಟಲ್ಲ."

"ಅದು ಹಳೇ ಕೊಳೆ. ಹಳತಾದ ಹಾಗೆ ಬೆಳ್ಳಗಾಗ್ತದೆ."

ಬಾಬಣ್ಣ ನನ್ನ ತಲೆಗೂದಲನ್ನು ನೋಡಿ ಒಪ್ಪಿಕೊಂಡರು. ನಾನು ಇನ್ನೂ ಅರ್ಧ ಕ್ಯಾನು ಸುರಿದೆ. ನೊರೆ ಇಳಿದ ಮೇಲೆ ನೀರು ಹಾಕಿ ತೊಳೆದೆವು. ಕೊಳೆ ಪೂರ್ತಿ ಹೋಗಿತ್ತು. ಜೊತೆಗೆ ಮೀನೂ ಹೋಗಿತ್ತು. ಬೆಳಿಗ್ಗೆ ಕಣ್ಣು, ಕಿವಿರು, ಹುರುಪೆ ಎಲ್ಲ ಇದ್ದ ಮೀನು ಈಗ ಒಂದು ದೊಡ್ಡ ಕಾಲಿನ ಹೆಬ್ಬೆರಳಿನಂತೆ ನುಣ್ಣಗೆ ನಿಂತಿತ್ತು.

ಮನೆಗೆ ಬಂದು ಜೊಹರಾಳ ಹತ್ತಿರ ಸಾಮಾನ್ಯ ಜ್ಞಾನದ ಪ್ರಶ್ನೆಯಂತೆ ವಿಚಾರಿಸಿದೆ. ಅವಳು ಮೀನಿನ ಮಸಾಲೆ ಕಡೆಯುತ್ತಿದ್ದಳು. "ಸುಣ್ಣಕಲ್ಲು, ಮಾರ್ಬಲ್ಲು ಎಲ್ಲ ಒಂದೇ ಜಾತಿ. ಆಸಿಡ್ ಹಾಕಿದ್ರೆ ಗ್ಯಾಸ್ ಬಂದು ಕರಗ್ತದೆ. ಹತ್ತನೇ ಕ್ಲಾಸಿನ ಪಾಠ" ಎಂದು ಹೇಳಿ, ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಎಷ್ಟು ಹೋಯ್ತು?"

"ಒಂದು ಮೀನು."

"ತಲೆಯಾ, ಬಾಲವಾ?"

"ಬಾಲ ಉಂಟು" ಎಂದೆ. ಇದ್ದದ್ದನ್ನು ಹೇಳಬೇಕಲ್ಲ.

ಮರುದಿನ ವೈಟ್ ಸಿಮೆಂಟ್ ತಂದು ಆ ಹೆಬ್ಬೆರಳಿಗೆ ನಾನೇ ಮುಖ ಮಾಡಿದೆ. ಮೂರು ಗಂಟೆ ಕೂತು ಕೆನ್ನೆ, ತುಟಿ, ಕಣ್ಣು ಎಲ್ಲ ತಿದ್ದಿದೆ. ನನ್ನ ಕೈಯಲ್ಲಿ ಇಂಥ ಕಲೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಕೆಲಸದ ಪ್ರಗತಿ ನೋಡಲು ಬಂದ ವಾಸಣ್ಣ ಅದರ ಎದುರು ತುಂಬ ಹೊತ್ತು ನಿಂತರು. ನಿಧಾನವಾಗಿ ತಮ್ಮ ಕೆನ್ನೆಯನ್ನು ಮುಟ್ಟಿ ನೋಡಿಕೊಂಡರು.

"ಇದು ಯಾರ ಹಾಗೆ ಉಂಟು ಹಮೀದಾಕ?"

"ಮೀನಿನ ಹಾಗೆ."

"ಹೌದಾ?" ಎಂದರು. ನಾನು ಆಗ ಸರಿಯಾಗಿ ನೋಡಿದೆ. ಪ್ರತಿದಿನ ಕಣ್ಣೆದುರು ಇರುವ ಮುಖ, ಕೈ ತನ್ನಷ್ಟಕ್ಕೆ ಅಲ್ಲಿಗೆ ಹೋಗಿಬಿಟ್ಟಿತ್ತು. ಸಂಜೆಯೊಳಗೆ ಯಾರೋ ತೆಗೆದ ಅದರ ಫೋಟೋ ಎಲ್ಲರ ಮೊಬೈಲಿಗೆ ಹೋಗಿ, ಬೆಳ್ತಂಗಡಿಯಿಂದ ನನ್ನ ಭಾವ ಫೋನು ಮಾಡಿ, "ವಾಸಣ್ಣ ತೀರಿಹೋದ್ರಾ? ಪ್ರತಿಮೆ ಇಟ್ಟಿದ್ದಾರಲ್ಲ" ಎಂದು ಬೇಸರದಿಂದ ಕೇಳಿದರು.

ಮುಂದಿನ ಹಂತ ಪೈಪು. ನೀರಿನ ದಾರಿ ಕಟ್ಟಿದ್ದು ಎಲ್ಲಿ ಎಂದು ತಿಳಿಯಲು ಕಂಬವನ್ನು ಬಿಚ್ಚಲೇಬೇಕಿತ್ತು. ಬಿಲ್ಲೆಗಳನ್ನೂ ಮೀನುಗಳನ್ನೂ ಒಂದೊಂದಾಗಿ ಇಳಿಸಿ, ಕ್ರಮ ತಪ್ಪಬಾರದೆಂದು ಪ್ರತಿಯೊಂದಕ್ಕೂ ಚಾಕ್‌ಪೀಸಿನಲ್ಲಿ ನಂಬರು ಬರೆದೆ. "ಪೈಂಟಿನಲ್ಲಿ ಬರೀಬಹುದಿತ್ತು" ಎಂದರು ಬಾಬಣ್ಣ. ಪುರಾತನ ಕಲ್ಲಿಗೆ ಪೈಂಟು ಹಚ್ಚುವುದು ಅಪರಾಧವೆಂದು ನಾನು ಅವರಿಗೆ ತಿಳಿಹೇಳಿದೆ. ಮಧ್ಯಾಹ್ನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಬೇಸಗೆಯ ಒಂದು ಮಳೆ ಬಂದು ಹೋಗಿತ್ತು. ಕಲ್ಲುಗಳು ಹುಲ್ಲಿನ ಮೇಲೆ ಸ್ವಚ್ಛವಾಗಿ, ಒಂದೂ ನಂಬರಿಲ್ಲದೆ ಹೊಳೆಯುತ್ತಿದ್ದವು.

ಎರಡು ದಿನ ಜೋಡಿಸಿದೆವು. ಕಂಬ ನಿಂತಿತು. ತುಸು ಫರಂಗಿಪೇಟೆಯ ಕಡೆಗೆ ವಾಲಿತ್ತು, ಅಷ್ಟೆ. ಕೆಳಗೆ ತೊಟ್ಟಿಯತ್ತ ನೋಡಬೇಕಾದ ಮೀನುಗಳು ಈಗ ತಲೆಯೆತ್ತಿ ಊರಿನತ್ತ ನೋಡುತ್ತಿದ್ದವು. ಹುಲ್ಲಿನ ಮೇಲೆ ಒಂದು ಬಿಲ್ಲೆ ಉಳಿದಿತ್ತು.

"ಇದು?" ಎಂದರು ಬಾಬಣ್ಣ.

"ಸ್ಪೇರು" ಎಂದೆ.

ಅದನ್ನು ಸ್ಕೂಟರಿನಲ್ಲಿ ಮನೆಗೆ ತಂದು ಹಿತ್ತಿಲಲ್ಲಿ ಅಡಗಿಸಿದೆ. ಜೊಹರಾ ಏನೂ ಕೇಳದೆ ಬಟ್ಟೆ ಒಗೆಯುವಲ್ಲಿ ಅದರ ಮೇಲೆ ಬಕೆಟು ಇಟ್ಟುಕೊಂಡಳು. ಸೊಂಟ ಬಗ್ಗಿಸುವುದು ತಪ್ಪಿತೆಂದು ಅವಳು ಹೇಳಿದ್ದೇ ಈ ಇಡೀ ಕೆಲಸದಲ್ಲಿ ನನಗೆ ಸಿಕ್ಕಿದ ಮೊದಲ ಪ್ರಶಂಸೆ.

ಪೈಪಿನೊಳಗೆ ಸರಿಗೆ ತೂರಿಸಿದರೂ ಕಟ್ಟಿದ್ದು ಬಿಡಲಿಲ್ಲ. ಇದಕ್ಕೆ ಒತ್ತಡ ಬೇಕೆಂದು ತೀರ್ಮಾನಿಸಿ ಭಾವನ ರಬ್ಬರ್ ತೋಟದ ಪಂಪನ್ನು ಬೆಳ್ತಂಗಡಿಯಿಂದ ಜೀಪಿನಲ್ಲಿ ತರಿಸಿದೆ. ಅಲ್ಲಿ ಅದು ತೋಡಿನ ನೀರನ್ನು ಗುಡ್ಡದ ತುದಿಯ ಟ್ಯಾಂಕಿಗೆ ಹತ್ತಿಸುತ್ತಿತ್ತು. "ಪವರ್ ಸಾಕಾ?" ಎಂದು ವಾಸಣ್ಣ ಚಿಂತೆಯಿಂದ ಕೇಳಿದರು. ಸಾಕಾದೀತು ಎಂದೆ.

ಉದ್ಘಾಟನೆಯ ದಿನ ಶಾಮಿಯಾನ, ಮೈಕು, ಕುರ್ಚಿಗಳು. ಮೊದಲ ಸಾಲಿನಲ್ಲಿ ಸುಮತಿ ಬಾಯಿ ಬಿಳಿ ಸೀರೆ ಉಟ್ಟು ಕೂತಿದ್ದರು. ಪಕ್ಕದಲ್ಲಿ ಜೊಹರಾ. ಅವಳು ಯಾಕೋ ಕೊಡೆ ತಂದಿದ್ದಳು. ವೇದಿಕೆಯಲ್ಲಿ ವಾಸಣ್ಣ ನನ್ನನ್ನು ಪರಿಚಯಿಸುತ್ತ, ಮರುಭೂಮಿಗೆ ನೀರು ಕುಡಿಸಿದ ಮಹನೀಯರು ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಮುಖ್ಯ ಅತಿಥಿ, ನಿವೃತ್ತ ಹೆಡ್‌ಮಾಸ್ಟರು, ಸ್ವಿಚ್ಚು ಒತ್ತಿದರು.

ಏನೂ ಬರಲಿಲ್ಲ.

ಜನ ಚಪ್ಪಾಳೆ ತಟ್ಟಿ, ಬಾರದ್ದನ್ನು ಕಂಡು ನಿಲ್ಲಿಸಿದರು. ಆಮೇಲೆ ನೆಲದಡಿಯಿಂದ ಎಮ್ಮೆ ಗೊರಕೆ ಹೊಡೆದಂಥ ಸದ್ದು ಬಂತು. ಕಂಬ ನಡುಗಿತು. ಮರುಕ್ಷಣ ಎಷ್ಟೋ ನೆರೆಗಳ ಕೆಸರು ನಾಲ್ಕು ಬಾಯಿಂದ ನಾಲ್ಕು ದಿಕ್ಕಿಗೆ ಹೊರಟಿತು. ಒಂದು ಬಾಯಿ ಶಾಮಿಯಾನವನ್ನು ಎತ್ತಿತು. ಒಂದು ರಸ್ತೆಗೆ ಹೋಗಿ, ಅಲ್ಲಿದ್ದ ರಿಕ್ಷಾದವರು ಗಾಡಿ ಬಿಟ್ಟು ಓಡಿದರು. ಇನ್ನೊಂದು ಹೆಡ್‌ಮಾಸ್ಟರನ್ನು ಅಟ್ಟಿ, ಸ್ವಿಚ್ಚಿನ ದಾರಿಗೇ ಅಡ್ಡ ಬಿದ್ದು ಯಾರೂ ಅದರ ಹತ್ತಿರ ಹೋಗುವಂತಿರಲಿಲ್ಲ. ನಾಲ್ಕನೆಯದು, ನಾನೇ ಮಾಡಿದ ಸಿಮೆಂಟಿನ ಮುಖ, ಒತ್ತಡ ತಡೆಯದೆ ಕಂಬದಿಂದ ಕಳಚಿ ಹಾರಿ ವೇದಿಕೆಯ ಮೇಜಿನ ಮೇಲೆ ವಾಸಣ್ಣನ ಎದುರೇ ಬಿತ್ತು. ಇಬ್ಬರೂ ಬಾಯಿ ತೆರೆದು ಒಬ್ಬರನ್ನೊಬ್ಬರು ನೋಡಿದರು.

"ನಿಲ್ಲಿಸಿ ಮಾರಾಯ್ರೆ" ಎಂದು ಹೆಡ್‌ಮಾಸ್ಟರು ನನ್ನ ಕಡೆ ಕೂಗಿದರು. ನನಗೆ ಸ್ವಿಚ್ಚಿಲ್ಲದೆ ನಿಲ್ಲಿಸುವುದು ಗೊತ್ತಿರಲಿಲ್ಲ. ಬಾಬಣ್ಣ ಯಾರನ್ನೂ ಕೇಳದೆ ಹಿಂದಿನಿಂದ ಸುತ್ತಿ ಹೋಗಿ ಪಂಪಿನ ಫ್ಯೂಸ್ ಕಿತ್ತರು.

ಎಲ್ಲ ನಿಂತ ಮೇಲೆ ನಾನು ಮೊದಲ ಸಾಲಿನತ್ತ ಹೋದೆ. ಜೊಹರಾಳ ಕೊಡೆ ಸುಮತಿ ಬಾಯಿಯವರ ತಲೆಯನ್ನು ಮಾತ್ರ ಉಳಿಸಿತ್ತು. ಬಿಳಿ ಸೀರೆ ಹೊಳೆಯ ಬಣ್ಣವಾಗಿತ್ತು. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ.

"ನಮ್ಮ ಅಜ್ಜನ ಕಾಲದಲ್ಲಿ ಇದು ಹಾರ್ತಾ ಇರ್ಲಿಲ್ಲ" ಎಂದರು. "ಮೀನಿನ ಬಾಯಿಂದ ತಟತಟ ಅಂತ ಬೀಳ್ತಿತ್ತು, ಅಷ್ಟೆ. ಗುಬ್ಬಿಗಳು ಬಂದು ಕುಡೀತಿದ್ವು. ನೀವು ಕೇಳಿದ್ರೆ ಹೇಳ್ತಿದ್ದೆ."

ಅವರ ಮನೆ ಎದುರೇ ಇತ್ತು. ಹದಿನೈದು ಹೆಜ್ಜೆ. ನಾನು ಒಂದು ದಿನವೂ ಹೋಗಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಅಮ್ಮ, ನಾನು ಅಲ್ಲಿ ಸ್ಟೋರಿನಲ್ಲಿದ್ದದ್ದು" ಎಂದೆ.

ಮೈಕು ಇನ್ನೂ ಚಾಲೂ ಇತ್ತೆಂದು, ಅದು ನನ್ನ ಪಕ್ಕದಲ್ಲೇ ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು. ವೇದಿಕೆಯಿಂದ ವಾಸಣ್ಣ ಕೇಳಿದರು, "ಯಾವ ಸ್ಟೋರು?"

"ಬ್ರಶ್ಶು ಕೊಡುವುದು" ಎಂದೆ. ಬಂಟ್ವಾಳ ಪೇಟೆ ಪೂರ್ತಿ ಕೇಳಿಸಿಕೊಂಡಿತು.

ಮರುವಾರ ಮೂಡುಬಿದಿರೆಯಿಂದ ಕಲ್ಲಿನ ಕೆಲಸದ ದಾಮೋದರ ಆಚಾರ್ಯರು ಬಂದರು. ಕಾರಂಜಿಗೆ ಒಂದು ಸುತ್ತು ಬಂದು, ಡಾಕ್ಟರು ರೋಗಿಯ ಮನೆಯವರನ್ನು ಕೇಳುವಂತೆ ಮೆಲ್ಲಗೆ, "ಆಸಿಡಾ?" ಎಂದರು. ನಾನು ತಲೆಯಾಡಿಸಿದೆ. ಅವರು ಮೆತ್ತಗಿನ ಬ್ರಶ್ಶಿನಲ್ಲಿ ಸೋಪಿನ ನೀರು ಹಾಕಿ ತಿಕ್ಕಿದರು. ಬಾಬಣ್ಣ ನನ್ನನ್ನು ನೋಡಲಿಲ್ಲ, ಒಳ್ಳೆಯ ಮನುಷ್ಯ. ಆಚಾರ್ಯರು ಕಂಬ ಬಿಚ್ಚಿ, ಕಲ್ಲಿನ ಗೀರುಗಳನ್ನು ಬೆರಳಲ್ಲೇ ತಡವಿ ಕ್ರಮ ಹುಡುಕಿದರು. "ಇಲ್ಲಿ ಒಂದು ಬಿಲ್ಲೆ ಇರ್ಬೇಕಿತ್ತಲ್ಲ. ನೀರನ್ನು ತಡೆದು ನಿಧಾನ ಮಾಡುವುದು ಅದೇ" ಎಂದಾಗ, ನೋಡಲು ಬಂದಿದ್ದ ಜೊಹರಾ ಮನೆಗೆ ಹೋಗಿ, ರಿಕ್ಷಾದಲ್ಲಿ ಬಿಲ್ಲೆಯ ಜೊತೆ ವಾಪಸು ಬಂದಳು. ಅದು ಸೋಪಿನ ನೀರು ಬಿದ್ದು ಬಿದ್ದು ಎಲ್ಲಕ್ಕಿಂತ ಬೆಳ್ಳಗಿತ್ತು. ಆಸಿಡ್ ಕುಡಿದ ಮೀನಿಗೆ ಆಚಾರ್ಯರು ಎರಡು ಕಣ್ಣು, ಒಂದು ಬಾಯಿ ಕೆತ್ತಿ, "ಇಷ್ಟೇ ಆಗುವುದು. ಉಳಿದದ್ದನ್ನು ನೀವು ಚರಂಡಿಗೆ ಬಿಟ್ಟಿದ್ದೀರಿ" ಎಂದರು.

ಬೊಗಸೆಯಷ್ಟೇ ಇರುವ ಒಂದು ಪುಟ್ಟ ಪಂಪು ಇಟ್ಟರು. ನಾಲ್ಕು ಬಾಯಿಂದ ತಟತಟ ನೀರು ಬಿತ್ತು. ಸುಮತಿ ಬಾಯಿ ಈಗ ಸಂಜೆ ಹೊತ್ತು ಅಲ್ಲಿನ ಬೆಂಚಿನಲ್ಲಿ ಕೂರುತ್ತಾರೆ. ಗುಬ್ಬಿಗಳು ಇನ್ನೂ ಬಂದಿಲ್ಲ. ಕಾಗೆಗಳು ಬರುತ್ತಿವೆ.

ಮೊನ್ನೆ ಭಾನುವಾರ ನಾನು ವರಾಂಡದಲ್ಲಿ ಕುರ್ಚಿ ಹಾಕಿ ಪೇಪರು ಓದುತ್ತಿದ್ದೆ. ಗೇಟು ತೆರೆದು ವಾಸಣ್ಣ "ಹಮೀದಾಕ" ಎಂದು ಕರೆಯುತ್ತ ಬಂದು ನನ್ನ ಎದುರೇ ನಿಂತರು. ಅವರ ಸ್ವರ ಕೇಳಿದ್ದೇ ತಡ, ಒಳಗಿನಿಂದ ಜೊಹರಾ ಗಟ್ಟಿಯಾಗಿ, "ಅವರು ಮನೆಯಲ್ಲಿಲ್ಲ" ಎಂದಳು.

ವಾಸಣ್ಣ ನನ್ನನ್ನು ನೋಡಿದರು. ನಾನು ವಾಸಣ್ಣನನ್ನು ನೋಡಿದೆ.

"ತೊಂದರೆ ಇಲ್ಲ" ಎಂದು ಅವರು ನನ್ನನ್ನೇ ನೋಡುತ್ತ ಬಾಗಿಲ ಕಡೆಗೆ ಹೇಳಿದರು. "ಕಾರಂಜಿ ಚೆನ್ನಾಗಿ ನಡೀತಾ ಉಂಟು. ಅವರು ಆ ಕಡೆ ಬರುವುದು ಬೇಡ ಅಂತ ಹೇಳಿ ಹೋಗ್ಲಿಕ್ಕೆ ಬಂದದ್ದು."

"ಬಂದ ಮೇಲೆ ಹೇಳ್ತೇನೆ" ಎಂದೆ.