ನಮ್ಮ ಭಾವನವರ ತೂಕದ ಬೆಲ್ಲ

ನಮ್ಮ ಭಾವನವರು ದೊಡ್ಡ ಪೈಲ್ವಾನರು. ಎಷ್ಟು ದೊಡ್ಡವರೆಂದರೆ, ಹದಿಮೂರು ವರ್ಷ ಒಂದೇ ಒಂದು ಕುಸ್ತಿಯನ್ನೂ ಗೆಲ್ಲಲಿಲ್ಲ! ನಗಬೇಡಿ, ಸೋಲಲೂ ಇಲ್ಲ. ಇಂಥ ಸಾಧನೆಯನ್ನು ನಂಜನಗೂಡು ತಾಲ್ಲೂಕಿನಲ್ಲಿ ಇನ್ಯಾರಾದರೂ ಮಾಡಿದ್ದರೆ ಹೇಳಿ, ನೋಡೋಣ.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ಹೆಣ್ಣಿದೆ ಎಂದು ಬಂದವರನ್ನೆಲ್ಲ, "ಬೆಳಿಗ್ಗೆ ಗರಡಿಗೆ ಓಯ್ತೀನಿ, ಸಂಜೆ ಗರಡಿಗೆ ಓಯ್ತೀನಿ, ಮಧ್ಯೆ ಮಲಗ್ತೀನಿ. ಆ ಎಣ್ಮಗು ನನ್ನ ಯಾವಾಗ ನೋಡ್ಬೇಕು?" ಎಂದು ಕೇಳಿ ಸಾಗಹಾಕುತ್ತಿದ್ದರಂತೆ. ಹೀಗಾಗಿ ನನಗೆ ಓರಗಿತ್ತಿಯೇ ಇಲ್ಲದ ಮನೆ ಸಿಕ್ಕಿತು. ಎಷ್ಟು ಜನಕ್ಕೆ ಇಂಥ ಭಾಗ್ಯ ಉಂಟು? ನಮ್ಮೂರ ದೇವರು ನಂಜುಂಡಪ್ಪ ದೊಡ್ಡವನು.

ಆದರೆ ಓರಗಿತ್ತಿಯ ಬದಲು ಗರಡಿ ಇತ್ತು! ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಇರುವ ಗರಡಿ. ಅದರೊಳಗೆ ಕುಸ್ತಿಯ ಕೆಮ್ಮಣ್ಣಿನ ಅಂಕಣ, ಮಟ್ಟಿ ಎನ್ನುತ್ತಾರೆ. ಆ ಮಣ್ಣು ಮೆತ್ತಗಿರಬೇಕಂತೆ. ಅದಕ್ಕೆ ತುಪ್ಪ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣು ಎಲ್ಲ ನನ್ನ ಅಡುಗೆಮನೆಯಿಂದಲೇ ಹೋಗಬೇಕು. ಒಂದು ದಿನ ರೇಗಿಹೋಗಿ ಕೇಳಿದೆ: "ಭಾವ, ಒಗ್ಗರಣೆಗೆ ಕರಿಬೇವು ಬೇಡವಾ?"

ಅವರು ನಗಲಿಲ್ಲ. ಗಂಭೀರವಾಗಿ ಯೋಚಿಸಿ ಹೇಳಿದರು: "ಬ್ಯಾಡ ಕಣವ್ವ. ಕಡ್ಡಿ ಬೆನ್ನಿಗೆ ಚುಚ್ತದೆ."

ಮುಂದೆ ಊರಿಗೆ ಕೇಬಲ್ ಟಿವಿ ಬಂತು ನೋಡಿ, ಗರಡಿಗೆ ಗ್ರಹಣ ಹಿಡಿಯಿತು. ಹುಡುಗರೆಲ್ಲ ಟಿವಿಯ ಮುಂದೆ. ಅದರಲ್ಲೊಂದು ಫಾರಿನ್ ಕುಸ್ತಿ ಬರುತ್ತಿತ್ತು. ಉದ್ದ ಕೂದಲಿನ ದೈತ್ಯರು ಹಗ್ಗದ ಮೇಲಿಂದ ಹಾರುವುದು, ಒಬ್ಬರಿಗೊಬ್ಬರು ಬೈದುಕೊಳ್ಳುವುದು! ವೈರಿಯನ್ನು ತಿಳಿದುಕೊಳ್ಳಬೇಕೆಂದು ಭಾವನವರೂ ಪಕ್ಕದ ಮನೆಗೆ ಹೋಗಿ ಕೈಕಟ್ಟಿ ನಿಂತು ನೋಡಿದರು. ಒಬ್ಬ ದೈತ್ಯ ಇನ್ನೊಬ್ಬನ ಬೆನ್ನಿಗೆ ಕಬ್ಬಿಣದ ಕುರ್ಚಿಯಲ್ಲಿ ಬಾರಿಸಿದ. ಭಾವನವರಿಗೆ ತಡೆಯಲಾಗಲಿಲ್ಲ.

"ಲೇ, ಆ ಕುರ್ಚಿ ಯಾರ್ದ್ಲಾ?"

"ಅಲ್ಲೇ ಇತ್ತು ಕಣ್ ದೊಡ್ಡಪ್ಪ."

"ಬಾಡಿಗೆ ಕುರ್ಚಿ ಮುರಿದಾಕಿದ್ರೆ ಶಾಮಿಯಾನದವ್ನು ಸುಮ್ಕಿರ್ತಾನೇನ್ಲಾ?"

ಇದಾದ ಮೇಲೆ ಅವರ ಮಟ್ಟಿಗೆ ಫಾರಿನ್ ಕುಸ್ತಿ ಎಂದರೆ ಶಾಮಿಯಾನದವನಿಗೆ ಮೋಸ ಮಾಡುವ ವಿದ್ಯೆ, ಅಷ್ಟೇ. ಆದರೆ ಹುಡುಗರು ಹಾಗೆಂದುಕೊಳ್ಳಬೇಕಲ್ಲ! ಕೊನೆಗೆ ಗರಡಿಯಲ್ಲಿ ಉಳಿದವರು ಮೂವರು: ಭಾವನವರು, ಗೋಡೆಯ ಮೇಲಿನ ಆಂಜನೇಯ, ಆಂಜನೇಯನ ಪಟದ ಹಿಂದಿನ ಹಲ್ಲಿ. ಆದರೂ ಭಾವನವರು ದಿನವೂ ಬಾಗಿಲು ತೆಗೆದು, ಮಣ್ಣನ್ನು ಅಗೆದು, ಊದುಬತ್ತಿ ಹಚ್ಚುತ್ತಿದ್ದರು. "ಯಾರು ಬರುತ್ತಾರೆ ಅಂತ ಭಾವ?" ಎಂದರೆ, "ಬಂದ್ರೆ ಮಣ್ಣು ಗಟ್ಟಿಯಾಗಿರಬಾರ್ದಲ್ಲವ್ವ" ಎನ್ನುತ್ತಿದ್ದರು.

ನಮ್ಮ ಕಡೆ ಕುಸ್ತಿಗೆ ಮೊದಲು ಜೋಡಿ ಕಟ್ಟುವುದು ಎಂದಿದೆ. ಯಾರಿಗೆ ಯಾರು ಸರಿಸಾಟಿ ಎಂದು ಹಿರಿಯರು ನೋಡಿ, ಇಬ್ಬರ ಕೈಗೆ ಕೈ ಸೇರಿಸುತ್ತಾರೆ. ಮುಂಚೆ ಐವತ್ತು ಜೋಡಿ ಕಟ್ಟುತ್ತಿದ್ದ ಕಡೆ ಈಗ ಐದು ಕಟ್ಟುವುದೂ ಕಷ್ಟ. ಭಾವನವರಿಗಂತೂ ಸರಿಸಾಟಿಯಾಗಿ ಉಳಿದಿದ್ದವರು ಒಬ್ಬರೇ, ತಿ. ನರಸೀಪುರದ ಒಬ್ಬ ಪೈಲ್ವಾನರು. ವರ್ಷಕ್ಕೊಮ್ಮೆ ಇವರಿಬ್ಬರ ಕುಸ್ತಿ. ಅರ್ಧ ಗಂಟೆ ಗುದ್ದಾಡಿದರೂ ಇಬ್ಬರ ಬೆನ್ನೂ ಮಣ್ಣು ಮುಟ್ಟುತ್ತಿರಲಿಲ್ಲ. 'ಸಮ' ಎಂದು ಇಬ್ಬರ ಕೈಯನ್ನೂ ಎತ್ತಿಬಿಡುತ್ತಿದ್ದರು. ಸಮವಾದರೆ ಮುಂದಿನ ವರ್ಷ ಅದೇ ಜೋಡಿ!

ಮೂರು ವರ್ಷ ನೋಡಿದೆ. ನಾಲ್ಕನೆಯ ವರ್ಷ ದೇವಸ್ಥಾನಕ್ಕೆ ಹೋಗಿ, "ಅಪ್ಪಾ ಶ್ರೀಕಂಠೇಶ್ವರ, ನಮ್ಮ ಭಾವನವರನ್ನು ಒಂದು ಸಲ ಗೆಲ್ಲಿಸು, ಅವರ ತೂಕದ ಬೆಲ್ಲದಲ್ಲಿ ನಿನಗೆ ತುಲಾಭಾರ ಮಾಡಿಸ್ತೀನಿ" ಎಂದು ಹರಕೆ ಕಟ್ಟಿಕೊಂಡೆ. ಯಜಮಾನರು ಹೌಹಾರಿದರು.

"ಅಣ್ಣ ತೊಂಬತ್ತು ಕೆಜಿ ಅವ್ನೆ ಕಣೇ! ಬಾಳೆಹಣ್ಣಿನ ಅಭಿಷೇಕ ಅಂತ ಏಳ್ಕೊಳಕ್ಕೇನಾಗಿತ್ತು?"

ಅಂದಿನಿಂದ ಪ್ರತಿವರ್ಷ ಕುಸ್ತಿ ಸಮವಾದಾಗಲೂ ಯಜಮಾನರು ದೇವಸ್ಥಾನದ ಕಡೆಗೆ ತಿರುಗಿ ಸಮಾಧಾನದಿಂದ ಕೈಮುಗಿಯುತ್ತಿದ್ದರು.

ಹದಿನಾಲ್ಕನೆಯ ವರ್ಷ ಜೋಡಿ ಕಟ್ಟಿದ್ದು ನಮ್ಮ ಗರಡಿಯ ಮುಂದೆಯೇ. ಕಾಫಿ ಕೊಡಲು ಹೋದಾಗ ನರಸೀಪುರದವರು ನಗುನಗುತ್ತಾ ಹೇಳುತ್ತಿದ್ದರು:

"ನಮ್ಮ ಗರಡಿ ಎಂಚು ಅರ್ಧ ಉದುರೋಯ್ತು ಕಣ್ಲಾ. ನಮ್ಮೂರ ಯಜಮಾನ್ರ ಕೇಳಿದ್ರೆ, ಗೆಲ್ಲೋ ಪೈಲ್ವಾನ್ರೇ ಇಲ್ದ ಮ್ಯಾಲೆ ಗರಡಿ ಯಾಕೆ, ಗೊಬ್ಬರದ ಮೂಟೆನಾದ್ರೂ ಇಡಾವ ಅಂತಾರೆ. ಈ ಸಲ ಗೆದ್ರೆ ಎಂಚು ಒದಿಸ್ತಾರಂತೆ."

"ಅಂಗಾದ್ರೆ ಗೆಲ್ಲು," ಎಂದರು ಭಾವ, ಕಾಫಿ ಆರಿಸಿಕೊಳ್ಳುತ್ತಾ.

"ನಿನ್ ಬೆನ್ನ ಮಣ್ಣಿಗೆ ಯಾವನ್ಲಾ ತಾಗಿಸಾನು!"

ಇಬ್ಬರೂ ನಕ್ಕರು. ನಾನು ಲೋಟ ಎತ್ತಿಕೊಂಡು ಒಳಗೆ ಬಂದೆ.

ಕುಸ್ತಿಯ ದಿನ ನಾವು ಹೆಂಗಸರು ಪಕ್ಕದ ಮಹಡಿಯಿಂದ ನೋಡುತ್ತಿದ್ದೆವು. ಇನ್ನೇನು ಸಮ ಎನ್ನುತ್ತಾರೆ ಎಂದು ಜನ ಎದ್ದು ಪಂಚೆ ಕೊಡವಿಕೊಳ್ಳುತ್ತಿದ್ದ ಹೊತ್ತು. ನರಸೀಪುರದವರು ಪ್ರತಿವರ್ಷದ ಅದೇ ಹಳೆಯ ಪಟ್ಟು ಹಾಕಿದರು. ನಾನು ಕೈಬಳೆ ತೆಗೆದಷ್ಟು ಸಲೀಸಾಗಿ ಭಾವನವರು ಪ್ರತಿವರ್ಷ ಅದರಿಂದ ಬಿಡಿಸಿಕೊಳ್ಳುತ್ತಿದ್ದರು. ಈ ಸಲ ಬಿಡಿಸಿಕೊಳ್ಳಲಿಲ್ಲ. ಅಂಗಾತ ಬಿದ್ದರು. ಎರಡು ಭುಜವೂ ಮಣ್ಣಿಗೆ! ಗೆದ್ದವರು ಕುಣಿಯುವುದು ಬಿಟ್ಟು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಮನೆಗೆ ಬಂದ ಭಾವನವರ ಬೆನ್ನ ತುಂಬಾ ಕೆಮ್ಮಣ್ಣು. ನಾನು ಅತ್ತುಬಿಟ್ಟೆ.

"ಯಾಕೆ ಭಾವ ಇಂಗಾಯ್ತು?"

"ವಯಸ್ಸಾಯ್ತು ಕಣವ್ವ. ನೀರು ಕಾದದಾ? ಬೆನ್ನುಜ್ಜಕ್ಕೆ ನಿನ್ ಗಂಡನ್ನ ಕರಿ. ಅಲ್ಲೀಗಂಟ ಕೈ ಓಗಿ ನನಗೆ ಅಭ್ಯಾಸ ಇಲ್ಲ."

ನನಗೆ ಭಾವನವರಿಗಿಂತ ದೇವರ ಮೇಲೆ ಕೋಪ. ಹತ್ತು ವರ್ಷ ಕೇಳಿದ್ದಕ್ಕೆ ಇದೇನಾ ಕೊಡುವುದು? ವಾರವೆಲ್ಲ ದೀಪ ಹಚ್ಚಿದೆ, ಹೂವಿಟ್ಟೆ. ಮಾತು ಮಾತ್ರ ಆಡಲಿಲ್ಲ!

ತಿಂಗಳು ಕಳೆದಿರಬೇಕು. ಭಾವನವರು ಕಪಿಲಾ ನದಿಗೆ ಸ್ನಾನಕ್ಕೆ ಹೋಗಿದ್ದಾಗ ನರಸೀಪುರದವರು ಬಂದರು. ಹೆಗಲ ಮೇಲೆ ಬಾಳೆಗೊನೆ. ನಂಜನಗೂಡಿಗೆ ಬಾಳೆಗೊನೆ ಹೊತ್ತು ತರುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಗೊನೆಯನ್ನು ಜಗಲಿಗೆ ಕುಕ್ಕಿ ಗುಡುಗಿದರು:

"ಎಲ್ಲವ್ವ ಆ ಕಳ್ಳ? ಆ ಪಟ್ಟಿಗೆ ಬೀಳೋ ಮನ್ಸನಾ ಅವ್ನು? ನನ್ ಕೈಗೆ ಭಾರನೇ ಬರ್ಲಿಲ್ಲ, ತಾನಾಗೇ ಮಲಗ್ಬುಟ್ಟ! ಕೇಳ್ಬುಟ್ಟು ಓಯ್ತೀನಿ ಅಂತ ಬಂದೆ." ಆಮೇಲೆ ದನಿ ಇಳಿಯಿತು. "ಎಂಚು ಒದಿಸಿದ್ರು ಕಣವ್ವ. ಗೆದ್ದವ್ನ ನೋಡಕ್ಕೆ ಬಂದ ಐಕಳಲ್ಲಿ ಅನ್ನೊಂದು ಜನ ಮಟ್ಟಿಗೆ ಇಳಿದವ್ರೆ. ಮುಂದಿನ ವರ್ಸ ಜೋಡಿ ಕಟ್ಟಕ್ಕೆ ಈ ಊರಲ್ಲಿ ಐಕಳು ಎಲ್ಲವ್ರೆ, ಈಗಿಂದ್ಲೇ ಉಡುಕು ಅನ್ನು ಅವನ್ಗೆ."

ನಾನು ಒಳಗೆ ಹೋಗಿ ದೇವರಮನೆಯ ಮುಂದೆ ಕುಳಿತೆ. ಮಾತು ಬಿಟ್ಟಿದ್ದಕ್ಕೆ ತಪ್ಪುಕಾಣಿಕೆ ಇಟ್ಟೆ. ಹರಕೆ ತೀರಿಸುತ್ತೇನೆಂದಾಗ ಯಜಮಾನರು, "ಸೋತವ್ರಿಗೆಲ್ಲ ತುಲಾಭಾರ ಉಂಟಾ?" ಎಂದು ಬಾಯಿ ತೆರೆದರು. ನನ್ನ ಮುಖ ನೋಡಿ ಬೆಲ್ಲ ತರಲು ಹೊರಟರು. ಹತ್ತು ಹತ್ತು ಕೆಜಿಯ ಬಕೆಟ್ ಬೆಲ್ಲದ ಅಚ್ಚು, ಒಂಬತ್ತು.

ತುಲಾಭಾರಕ್ಕೆ ನರಸೀಪುರದವರೂ ಬಂದರು. ಭಾವನವರು ಹೊಸ ಮದುಮಗನ ಹಾಗೆ ನಾಚಿಕೊಂಡು ತಟ್ಟೆಯಲ್ಲಿ ಕುಳಿತರು. ಯಜಮಾನರು ಒಂದೊಂದೇ ಬೆಲ್ಲ ಏರಿಸಿದರು. ಐದು, ಆರು. ಏಳನೆಯದಕ್ಕೇ ಭಾವನವರ ತಟ್ಟೆ ನೆಲಬಿಟ್ಟು ಮೇಲೆದ್ದಿತು.

"ಸಾಕು ತಾಯಿ, ಸಮ ಆಯ್ತು," ಎಂದರು ಅರ್ಚಕರು.

"ಇಲ್ಲೂ ಸಮವೇನ್ಲಾ!" ಎಂದು ನರಸೀಪುರದವರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ತುಪ್ಪ ಎಲ್ಲಾವ ಮಣ್ಣಿಗೇ ತಿನ್ನಿಸ್ಬುಟ್ಯಾ?"

ಭಾವನವರು ತಲೆ ಎತ್ತಲಿಲ್ಲ. ದಿನವೂ ಅವರ ಎಲೆಗೆ ತುಪ್ಪ ಬಡಿಸುವವಳು ನಾನೇ. "ಬಟ್ಟಲಲ್ಲಿ ಆಕ್ಕೊಡವ್ವ, ಆಮ್ಯಾಕೆ ಉಣ್ತೀನಿ" ಎನ್ನುತ್ತಿದ್ದುದು ನೆನಪಾಯಿತು. ಗೋಡೆಯ ಆಚೆಗೇ ಗರಡಿ. ಹೊಳೆಯಲೇ ಇಲ್ಲವಲ್ಲ ನನಗೆ!

ಉಳಿದ ಎರಡು ಬೆಲ್ಲವನ್ನೂ ಎತ್ತಿ ತಟ್ಟೆಗಿಟ್ಟೆ. ಭಾವನವರು ಗಾಳಿಯಲ್ಲಿ ತೂಗಾಡಿದರು.

"ಏನವ್ವ ಇದು, ಲೆಕ್ಕ ತಪ್ತು!"

"ತಪ್ಪಿಲ್ಲ ಕೂತ್ಕೊಳಿ ಭಾವ," ಎಂದೆ. "ನಮ್ಮನೇಲಿ ನಿಮ್ಮ ತೂಕ ತೊಂಬತ್ತೇ."